ಓದುಗರ ಪ್ರಶ್ನೆ: ಜೆರ್ಸಿ ಹೊಲಿಯುವವರು ಗಾಲ್ಫ್ ಕೋಲು ಮಾರಬಹುದೆ?

ಪ್ರಶ್ನೆ: ಮಾನ್ಯರೇ, ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ನಾನು ಮತ್ತು ನನ್ನ ಅಣ್ಣ ಸೇರಿ ಕ್ರೀಡಾ ಉಡುಪುಗಳ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇವೆ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ತಂಡಗಳ ಜೆರ್ಸಿ, ಟ್ರ್ಯಾಕ್ ಪ್ಯಾಂಟ್, ಕಾಲೇಜು ಕ್ರೀಡಾಕೂಟಗಳ ಟೀ ಶರ್ಟ್‌ಗಳು ನಮ್ಮದೇ ಬ್ರ್ಯಾಂಡಿನ ಹೆಸರಿನಲ್ಲಿ ಕಾಸರಗೋಡಿನಿಂದ ಕುಂದಾಪುರದವರೆಗೆ ಹೋಗುತ್ತವೆ. ಕಳೆದ ವರ್ಷ ಚಿಕ್ಕಮಗಳೂರಿನ ಕಡೆಯ ಕಾಫಿ ಬೆಳೆಗಾರರ ಬಳಗವೊಂದಕ್ಕೆ ಗಾಲ್ಫ್ ಆಡುವಾಗ ತೊಡುವ ಪೋಲೋ ಶರ್ಟ್‌ಗಳನ್ನು ಹೊಲಿದುಕೊಟ್ಟೆವು. ಬಟ್ಟೆಯೂ ಹೊಲಿಗೆಯೂ ಅವರಿಗೆ ಹಿಡಿಸಿ, ಎರಡನೇ ಸಲವೂ ಆರ್ಡರ್ ಬಂತು. ಇದನ್ನು ಕಂಡು, ದುಬೈಯಲ್ಲಿರುವ ನನ್ನ ಭಾವ ಒಂದು ಸಲಹೆ ಕೊಟ್ಟಿದ್ದಾರೆ. ಚೀನಾದ ಒಂದು ಕಾರ್ಖಾನೆಯಿಂದ ಗಾಲ್ಫ್ ಸೆಟ್‌ಗಳನ್ನೂ ಚೆಂಡುಗಳನ್ನೂ ನಮ್ಮ ಹೆಸರು ಹಾಕಿಸಿ ತರಿಸೋಣ, ಅರ್ಧ ಬಂಡವಾಳ ತಾನು ಹಾಕುತ್ತೇನೆ ಎನ್ನುತ್ತಾರೆ. ಒಂದು ಸೆಟ್‌ನಲ್ಲಿ ಸಿಗುವ ಲಾಭ ನೂರು ಜೆರ್ಸಿಯಲ್ಲೂ ಸಿಗದು ಎಂಬುದು ಅವರ ಲೆಕ್ಕ. ಮಳೆಗಾಲದಲ್ಲಿ ನಮ್ಮ ಯಂತ್ರಗಳಿಗೆ ಕೆಲಸ ಕಡಿಮೆಯಾಗುವುದರಿಂದ ಅಣ್ಣನಿಗೂ ಈ ಯೋಚನೆ ಸರಿಯೆನಿಸಿದೆ. ಉಳಿದರ್ಧ ಬಂಡವಾಳಕ್ಕೆ ನಾವು ಬ್ಯಾಂಕಿನಿಂದ ಸಾಲ ತೆಗೆಯಬೇಕಾಗುತ್ತದೆ. ಮುಂದುವರಿಯಬಹುದೆ?
— ಓದುಗರು, ಸುರತ್ಕಲ್

ಉತ್ತರ: ಗಾಲ್ಫ್ ಉಡುಪಿನಲ್ಲಿ ನೀವು ಮುಂದುವರಿಯಬೇಕು, ಗಾಲ್ಫ್ ಕೋಲು ಮತ್ತು ಚೆಂಡುಗಳ ವ್ಯವಹಾರಕ್ಕೆ, ಅದರಲ್ಲೂ ಸಾಲ ಮಾಡಿ, ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ. ಎರಡೂ ಒಂದೇ ಆಟಕ್ಕೆ ಸೇರಿದ ವಸ್ತುಗಳಾದ್ದರಿಂದ ಅಂಗಡಿಯ ಈಚೆಯಿಂದ ನೋಡುವವರಿಗೆ ಒಂದೇ ವ್ಯಾಪಾರದ ಎರಡು ಕವಲುಗಳಂತೆ ಕಾಣುತ್ತವೆ. ಆದರೆ ಹಣ ಕೊಟ್ಟು ಕೊಳ್ಳುವ ಆಟಗಾರನ ಮನಸ್ಸಿನಲ್ಲಿ ಅವು ಅಷ್ಟು ಹತ್ತಿರದವುಗಳಲ್ಲ. ಯಕ್ಷಗಾನದ ವೇಷಭೂಷಣ ಒದಗಿಸುವವರ ಮೇಲೆ ಮೇಳಕ್ಕೆ ಎಷ್ಟೇ ವಿಶ್ವಾಸವಿದ್ದರೂ ಆ ವಿಶ್ವಾಸದ ಮೇಲೆಯೇ ಅವರಿಂದ ಚೆಂಡೆಯನ್ನು ಯಾರೂ ಕೊಳ್ಳುವುದಿಲ್ಲ. ಚೆಂಡೆಯನ್ನು ಬಾರಿಸುವವರ ಕೈಯೂ ಕಿವಿಯೂ ಒಪ್ಪಬೇಕು. ನಿಮ್ಮ ಬ್ರ್ಯಾಂಡಿಗೆ ಕರಾವಳಿಯಲ್ಲಿ ಇರುವ ಹೆಸರು ಬಟ್ಟೆಗೆ ಸಂಬಂಧಿಸಿದ್ದು: ಬೆವರು ಬೇಗ ಆರುತ್ತದೆ, ಕಬಡ್ಡಿಯಲ್ಲಿ ಎಳೆದಾಡಿದರೂ ಭುಜದ ಹೊಲಿಗೆ ಬಿಡುವುದಿಲ್ಲ, ಹೇಳಿದ ದಿನಕ್ಕೆ ಹೆಸರು ಮತ್ತು ಸಂಖ್ಯೆಯೊಂದಿಗೆ ಜೆರ್ಸಿ ಕೈಗೆ ಬರುತ್ತದೆ. ಇದು ದೊಡ್ಡ ಹೆಸರೇ. ಆದರೆ ಡ್ರೈವರ್ (ಚೆಂಡನ್ನು ಅತಿ ದೂರ ಹೊಡೆಯಲು ಬಳಸುವ ಕೋಲು) ಬೀಸಿದಾಗ ಚೆಂಡು ನೇರವಾಗಿ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಈ ಹೆಸರಿನಲ್ಲಿ ಉತ್ತರವಿಲ್ಲ.

ಈ ಮಾತಿಗೆ ಜಗತ್ತಿನ ಅತಿ ದೊಡ್ಡ ಕ್ರೀಡಾ ಉಡುಪು ಸಂಸ್ಥೆಯೇ ಸಾಕ್ಷಿ. ನೈಕಿ 1984ರ ಸುಮಾರಿಗೆ ಗಾಲ್ಫ್ ಶೂ ಮತ್ತು ಉಡುಪುಗಳೊಂದಿಗೆ ಈ ಆಟಕ್ಕೆ ಕಾಲಿಟ್ಟಿತು. 1996ರಲ್ಲಿ, ಆಗಷ್ಟೇ ವೃತ್ತಿಪರ ಆಟಗಾರನಾಗಿದ್ದ ಟೈಗರ್ ವುಡ್ಸ್ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. 2000ದಲ್ಲಿ ವುಡ್ಸ್ ತಮ್ಮ ಹಳೆಯ ಚೆಂಡನ್ನು ಬಿಟ್ಟು ನೈಕಿಯ ಚೆಂಡನ್ನು ಹಿಡಿದರು ಮತ್ತು ಕೆಲವೇ ವಾರಗಳಲ್ಲಿ ಪೆಬಲ್ ಬೀಚ್‌ನಲ್ಲಿ ನಡೆದ ಯುಎಸ್ ಓಪನ್ ಅನ್ನು 15 ಹೊಡೆತಗಳ ಅಂತರದಿಂದ ಗೆದ್ದರು. ಒಂದು ಹೊಸ ಚೆಂಡಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಸಿಗಲು ಸಾಧ್ಯವೇ ಇಲ್ಲ. ಆದರೆ ಆ ಚೆಂಡನ್ನು ನೈಕಿಗೆ ತಯಾರಿಸಿ ಕೊಡುತ್ತಿದ್ದುದು ರಬ್ಬರಿನ ಕೆಲಸದಲ್ಲಿ ಪಳಗಿದ ಜಪಾನಿನ ಬ್ರಿಡ್ಜ್‌ಸ್ಟೋನ್ ಸಂಸ್ಥೆ ಎಂಬುದನ್ನು ಗಮನಿಸಬೇಕು. ಅದೇ ವರ್ಷದ ಕೊನೆಯೊಳಗೆ ಟೈಟ್ಲಿಸ್ಟ್ ತನ್ನ ಪ್ರೊ ವಿ1 ಚೆಂಡನ್ನು ಮಾರುಕಟ್ಟೆಗೆ ತಂದಿತು. ಚೆಂಡು ಮಾಡುವುದರಲ್ಲೇ ದಶಕಗಳನ್ನು ಕಳೆದಿದ್ದ ಆ ಸಂಸ್ಥೆಯಿಂದ ಹೆಚ್ಚಿನ ಆಟಗಾರರನ್ನು ಸೆಳೆದುಕೊಳ್ಳಲು ನೈಕಿಗೆ ಆಮೇಲೆಯೂ ಆಗಲಿಲ್ಲ.

2002ರಲ್ಲಿ ನೈಕಿಯ ಕೋಲುಗಳೂ ಬಂದವು. ಅದಕ್ಕಾಗಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಪ್ರತ್ಯೇಕ ಸಂಶೋಧನಾ ಕೇಂದ್ರವಿತ್ತು, ಅನುಭವಿ ವಿನ್ಯಾಸಕಾರರಿದ್ದರು, ಹಣಕ್ಕಂತೂ ಕೊರತೆಯಿರಲಿಲ್ಲ. ಹೀಗಿದ್ದೂ ಕೋಲು ಕೊಳ್ಳುವ ಹೊತ್ತಿಗೆ ಆಟಗಾರರು ಟೈಟ್ಲಿಸ್ಟ್, ಕ್ಯಾಲವೇ, ಟೇಲರ್‌ಮೇಡ್, ಪಿಂಗ್ ಎನ್ನುತ್ತಲೇ ಇದ್ದರು. 2016ರ ಮೇ ತಿಂಗಳಿಗೆ ಮುಗಿದ ಆರ್ಥಿಕ ವರ್ಷದಲ್ಲಿ ನೈಕಿ ಗಾಲ್ಫ್ ವಿಭಾಗದ ಒಟ್ಟು ವಹಿವಾಟು, ಉಡುಪು ಮತ್ತು ಶೂಗಳೂ ಸೇರಿ, ಸುಮಾರು 70 ಕೋಟಿ ಡಾಲರ್ ಇತ್ತು ಮತ್ತು ಹಿಂದಿನ ವರ್ಷಕ್ಕಿಂತ ಶೇ 8ರಷ್ಟು ಕುಸಿದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ನೈಕಿ ಕೋಲು, ಚೆಂಡು ಮತ್ತು ಬ್ಯಾಗ್‌ಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಶೂ ಮತ್ತು ಉಡುಪನ್ನು ಮಾತ್ರ ಉಳಿಸಿಕೊಂಡಿತು. ಅವು ಇಂದಿಗೂ ಇವೆ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಆ ಕಾಲದ ಅತ್ಯಂತ ಪ್ರಸಿದ್ಧ ಗಾಲ್ಫ್ ಆಟಗಾರನೇ ಕೈಯಲ್ಲಿ ಹಿಡಿದು ಆಡಿದರೂ ಆ ಹೆಸರು ಅಂಗಿಯನ್ನೂ ಟೋಪಿಯನ್ನೂ ಮಾರಿಸಿತೇ ಹೊರತು, ಕೋಲಿನ ವ್ಯವಹಾರವನ್ನು ಉಳಿಸಲಿಲ್ಲ.

ಅಡಿಡಾಸ್‌ನ ಕಥೆ ಇನ್ನೊಂದು ಬಗೆಯದು. ಅದು ತಾನೇ ಕೋಲು ಮಾಡಲು ಹೋಗಲಿಲ್ಲ. 1997ರಲ್ಲಿ ಫ್ರಾನ್ಸಿನ ಸಾಲೊಮನ್ ಸಮೂಹವನ್ನು ಕೊಂಡಾಗ ಅದರ ಜೊತೆಗೆ ಟೇಲರ್‌ಮೇಡ್ ಬಂತು. ಮುಂದೆ 2012ರಲ್ಲಿ ಆಡಮ್ಸ್ ಗಾಲ್ಫ್ ಅನ್ನೂ ಕೊಂಡಿತು. ಒಂದು ಕಾಲಕ್ಕೆ ಡ್ರೈವರ್‌ಗಳ ಮಾರಾಟದಲ್ಲಿ ಟೇಲರ್‌ಮೇಡ್ ಮುಂಚೂಣಿಯಲ್ಲಿತ್ತು. ಆದರೆ ಹೊಸ ಮಾದರಿಗಳು ಒಂದರ ಹಿಂದೆ ಒಂದು ಬರತೊಡಗಿದಾಗ ಹಿಂದಿನ ಮಾದರಿಗಳು ಅಂಗಡಿಗಳಲ್ಲಿ ಉಳಿದು, ರಿಯಾಯಿತಿಗೆ ಹೋಗಿ, ಲಾಭವನ್ನೇ ತಿಂದುಹಾಕಿದವು. 2014ರಲ್ಲಿ ಅಮೆರಿಕದ ದೊಡ್ಡ ಕ್ರೀಡಾ ಮಳಿಗೆ ಸರಣಿಯಾದ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ತನ್ನ ಗಾಲ್ಫ್ ವಿಭಾಗದ ಸುಮಾರು 500 ಮಂದಿ ತರಬೇತಾದ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. 2016ರಲ್ಲಿ ಗಾಲ್ಫ್‌ಸ್ಮಿತ್ ಎಂಬ ಗಾಲ್ಫ್ ಸಾಮಗ್ರಿಗಳ ಮಳಿಗೆ ಸರಣಿ ದಿವಾಳಿ ಅರ್ಜಿ ಹಾಕಿತು. 2017ರಲ್ಲಿ ಅಡಿಡಾಸ್ ಟೇಲರ್‌ಮೇಡ್, ಆಡಮ್ಸ್ ಮತ್ತು ತನ್ನ ಕೈಯಲ್ಲಿದ್ದ ಆ್ಯಶ್‌ವರ್ತ್ ಎಂಬ ಗಾಲ್ಫ್ ಉಡುಪಿನ ಬ್ರ್ಯಾಂಡ್, ಈ ಮೂರನ್ನೂ 42.5 ಕೋಟಿ ಡಾಲರ್‌ಗೆ ಮಾರಿತು, ಅದರಲ್ಲಿಯೂ ಸುಮಾರು ಅರ್ಧದಷ್ಟು ಮಾತ್ರ ನಗದು. ತನ್ನದೇ ಹೆಸರಿನ ಗಾಲ್ಫ್ ಉಡುಪು ಮತ್ತು ಶೂಗಳನ್ನು ಮಾರಲಿಲ್ಲ.

ಅಮೆರಿಕದ ಇನ್ನೊಂದು ಕ್ರೀಡಾ ಉಡುಪು ಸಂಸ್ಥೆ ಅಂಡರ್ ಆರ್ಮರ್ ಕೋಲು, ಚೆಂಡುಗಳ ಕಡೆಗೆ ಹೋಗಲೇ ಇಲ್ಲ. 2015ರಲ್ಲಿ ಜೋರ್ಡನ್ ಸ್ಪೀತ್ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದಾಗ ಅವರ ಮೈಮೇಲಿದ್ದುದು ಅಂಡರ್ ಆರ್ಮರ್ ಉಡುಪು, ಕೈಯಲ್ಲಿದ್ದುದು ಟೈಟ್ಲಿಸ್ಟ್ ಕೋಲು. ಆ ಎರಡೂ ಸಂಸ್ಥೆಗಳಿಗೆ ಆ ಗೆಲುವಿನಿಂದ ಲಾಭವಾಯಿತು.

ಇನ್ನು ವಸ್ತುವಿನ ಕಡೆಗೆ ಬರೋಣ, ಏಕೆಂದರೆ ನಿಮ್ಮ ಭಾವನವರ ಲೆಕ್ಕದಲ್ಲಿ ಕೈಬಿಟ್ಟುಹೋಗಿರುವುದು ಇದೇ. ಜೆರ್ಸಿ ಹೇಗಿರಬೇಕೆಂದು ಹೇಳುವವರು ತಂಡದವರು. ಗಾಲ್ಫ್ ಸಾಮಗ್ರಿ ಹೇಗಿರಬೇಕೆಂದು ಹೇಳುವುದು ಸ್ಕಾಟ್ಲೆಂಡಿನ ಆರ್ ಆ್ಯಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಎಂಬ ಎರಡು ಸಂಸ್ಥೆಗಳು. ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆಯಿರಬಾರದು. ಡ್ರೈವರ್‌ನ ತಲೆಯ ಗಾತ್ರ 460 ಘನ ಸೆಂಟಿಮೀಟರ್ ದಾಟಬಾರದು. ಅದರ ಮುಖದ ತಗಡು ಚೆಂಡನ್ನು ಎಷ್ಟು ಚಿಮ್ಮಿಸಬಹುದು ಎಂಬುದಕ್ಕೂ ಮೈಕ್ರೋಸೆಕೆಂಡುಗಳಲ್ಲಿ ಅಳೆಯುವ ಮಿತಿಯಿದೆ: 239, ಅದರ ಮೇಲೆ 18ರಷ್ಟು ಮಾತ್ರ ರಿಯಾಯಿತಿ. ಪ್ರತಿಯೊಂದು ಹೊಸ ಮಾದರಿಯ ನಮೂನೆಯನ್ನು ಕಳುಹಿಸಿ, ಪರೀಕ್ಷೆಯಲ್ಲಿ ಒಪ್ಪಿಗೆಯಾದರೆ ಮಾತ್ರ ಅದು ಪಟ್ಟಿಗೆ ಸೇರುತ್ತದೆ. ಪಟ್ಟಿಯಲ್ಲಿಲ್ಲದ ಡ್ರೈವರ್ ಅನ್ನು ದೊಡ್ಡ ಸ್ಪರ್ಧೆಗಳಲ್ಲಿ ಬಳಸುವಂತಿಲ್ಲ. ಪಟ್ಟಿಗೆ ಸೇರಿದ ಮೇಲೂ ತಯಾರಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಕಷ್ಟ ತಪ್ಪಿದ್ದಲ್ಲ. 2007ರಲ್ಲಿ ನೈಕಿಯ ಚೌಕ ತಲೆಯ ಸುಮೋ2 ಡ್ರೈವರ್‌ಗಳಲ್ಲಿ ಕೆಲವು ಮಿತಿ ಮೀರಿರುವುದು ಗೊತ್ತಾಗಿ, ಅವುಗಳನ್ನು ವಾಪಸು ಪಡೆದು ಬದಲಿಸಿಕೊಡಬೇಕಾಯಿತು. ಸ್ವಂತ ಪ್ರಯೋಗಾಲಯವಿದ್ದವರಿಗೇ ಹೀಗಾಯಿತು. ಬೈಕಂಪಾಡಿಯಲ್ಲಿ ಕುಳಿತು, ಚೀನಾದಿಂದ ಪೆಟ್ಟಿಗೆಯಲ್ಲಿ ಬಂದ ಸಾಮಾನನ್ನು ಯಾವ ಉಪಕರಣದಿಂದ ಪರೀಕ್ಷಿಸುತ್ತೀರಿ? ಸಾಲದೆಂಬಂತೆ 2023ರ ಡಿಸೆಂಬರ್‌ನಲ್ಲಿ ಆ ಎರಡು ಸಂಸ್ಥೆಗಳು, ಚೆಂಡು ಹೋಗುವ ದೂರದ ಪರೀಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸುವ ನಿರ್ಧಾರವನ್ನು ಪ್ರಕಟಿಸಿವೆ. ಚೆಂಡು ತಯಾರಿಸುವವರೆಲ್ಲರೂ ಅದಕ್ಕೆ ತಕ್ಕಂತೆ ತಮ್ಮ ಚೆಂಡುಗಳನ್ನು ಪರಿಶೀಲಿಸಬೇಕಾಗಿರುವ ಕಾಲದಲ್ಲಿ ಹೊಸದಾಗಿ ಚೆಂಡಿನ ವ್ಯಾಪಾರಕ್ಕೆ ಇಳಿಯುವುದು ವಿವೇಕವಲ್ಲ.

ದಾಸ್ತಾನಿನ ಮಾತು ಇನ್ನೂ ಗಂಭೀರವಾದುದು. ಒಂದು ಪೋಲೋ ಶರ್ಟನ್ನು ಆರು ಅಳತೆ, ನಾಲ್ಕು ಬಣ್ಣಗಳಲ್ಲಿ ಇಟ್ಟರೆ 24 ಬಗೆಗಳಾಗುತ್ತವೆ. ಡ್ರೈವರ್ ಒಂದನ್ನೇ ತೆಗೆದುಕೊಳ್ಳಿ: ಮುಖದ ಕೋನ ಮೂರು ಬಗೆ, ದಂಡಿನ ಬಿಗಿ ನಾಲ್ಕು ಬಗೆ, ಬಲಗೈಯವರಿಗೆ ಮತ್ತು ಎಡಗೈಯವರಿಗೆ ಬೇರೆ ಬೇರೆ, ಒಟ್ಟು ಅಷ್ಟೇ 24. ಆದರೆ ಆಟಗಾರನು ಚೀಲದಲ್ಲಿ ಒಯ್ಯಬಹುದಾದ 14 ಕೋಲುಗಳಲ್ಲಿ ಇದು ಒಂದು ಮಾತ್ರ. ಐರನ್‌ಗಳಿಗೆ, ಅಂದರೆ ತೆಳು ಲೋಹದ ತಲೆಯ ಕೋಲುಗಳಿಗೆ, ಉದ್ದವೂ ತಲೆಯ ಓರೆಯೂ ಆಟಗಾರನ ಎತ್ತರಕ್ಕೆ ಹೊಂದಬೇಕು. ಉಳಿದುಹೋದ ಶರ್ಟನ್ನು ನೀವು ಸಗಟು ದರದಲ್ಲಾದರೂ ಮಾರಿ ಬಟ್ಟೆಯ ಅಸಲನ್ನು ಎತ್ತಬಲ್ಲಿರಿ. ಮುದ್ರಿಸಬೇಕಾದ ಜೆರ್ಸಿಯನ್ನಂತೂ ಆರ್ಡರ್ ಬಂದ ಮೇಲೆಯೇ ಕತ್ತರಿಸುತ್ತೀರಿ, ಮುಂಗಡ ಹಣವೂ ಬಂದಿರುತ್ತದೆ. ಕೋಲಿನಲ್ಲಿ ಹಣ ಮೊದಲು ಚೀನಾಕ್ಕೆ ಹೋಗುತ್ತದೆ, ಬಳಿಕ ಹಡಗಿನಲ್ಲಿ, ಬಳಿಕ ಸುಂಕದಲ್ಲಿ, ಬಳಿಕ ಗೋದಾಮಿನಲ್ಲಿ ಕೂರುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ಪ್ರತಿ ತಿಂಗಳು ಏರುತ್ತದೆ. ನೂರು ಜೆರ್ಸಿಯ ಲಾಭ ಒಂದು ಸೆಟ್‌ನಲ್ಲಿ ಸಿಗುತ್ತದೆ ಎಂಬುದು ಆ ಸೆಟ್ ಮಾರಾಟವಾದ ದಿನದ ಮಾತು. ನೂರು ಜೆರ್ಸಿಯ ಆರ್ಡರ್ ಒಂದು ಊರಿನ ಕಬಡ್ಡಿ ಪಂದ್ಯಾಟದಿಂದ ಬರಬಹುದು. ಒಂದು ಸೆಟ್ ಕೊಂಡ ಆಟಗಾರ ಮತ್ತೊಂದನ್ನು ಕೊಳ್ಳಲು ಹಲವು ವರ್ಷ ಬೇಕು.

ಕೊಳ್ಳುವವರು ಎಲ್ಲಿದ್ದಾರೆ ಎಂಬುದನ್ನೂ ನೋಡಿ. ನಮ್ಮಲ್ಲಿ ಪಿಲಿಕುಳದಲ್ಲಿ ಗಾಲ್ಫ್ ಮೈದಾನವಿದೆ, ಘಟ್ಟ ಹತ್ತಿದರೆ ಚಿಕ್ಕಮಗಳೂರು, ಕೊಡಗು, ಆಚೆ ಮೈಸೂರು. ರಾಜ್ಯದ ಹೆಚ್ಚಿನ ಆಟ ಬೆಂಗಳೂರಿನಲ್ಲಿದೆ, ಅಲ್ಲಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ದೇಶದ ಅನೇಕ ಮೈದಾನಗಳು ಸೇನೆಯ ಅಧೀನದಲ್ಲಿವೆ, ಉಳಿದವುಗಳಲ್ಲಿ ಬಹಳಷ್ಟು ಸದಸ್ಯರಿಗೆ ಮೀಸಲಾದ ಕ್ಲಬ್‌ಗಳು. ಅಲ್ಲಿ ನೆಲೆಯೂರಿದ ಆಟಗಾರನು ಹೆಸರಾಂತ ಕಂಪೆನಿಯ ಕೋಲನ್ನು ಬಿಟ್ಟು ಹೊಸ ಹೆಸರಿನದನ್ನು ಹಿಡಿಯುವುದಿಲ್ಲ. ಹೊಸದಾಗಿ ಕಲಿಯುವವರು ಹಳೆಯ ಸೆಟ್ ಕೊಳ್ಳುತ್ತಾರೆ ಅಥವಾ ಡೆಕಥ್ಲಾನ್‌ನ ಇನೆಸಿಸ್ ಸೆಟ್ ತೆಗೆದುಕೊಳ್ಳುತ್ತಾರೆ. ಆ ದರಕ್ಕೆ ನೀವು ಸರಿಗಟ್ಟಲಾರಿರಿ, ಏಕೆಂದರೆ ಅವರು ಹಲವು ದೇಶಗಳ ಮಳಿಗೆಗಳಿಗೆ ಒಟ್ಟಾಗಿ ತಯಾರಿಸುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ, ಗಾಲ್ಫ್ ಎಂದರೇನೆಂದು ತಿಳಿಯದವರೂ ಬೆಳಗ್ಗೆ ಎದ್ದು ಟಿವಿಯ ಮುಂದೆ ಕುಳಿತಿದ್ದರು. ಆ ಪ್ರೀತಿ ನಿಜವಾದದ್ದು, ನನಗೂ ಅದು ಹೆಮ್ಮೆಯ ದಿನ. ಆದರೆ ನೋಡುವವರು ಆಡುವವರಾಗಲು ಮೈದಾನ ಬೇಕು, ಅದು ನಮ್ಮಲ್ಲಿ ಇನ್ನೂ ಬಹಳ ಕಡಿಮೆ.

ಮಳೆಗಾಲದ ಕಾರಣಕ್ಕೆ ಅಣ್ಣನವರು ಇದನ್ನು ಒಪ್ಪಿರುವುದು ನನಗೆ ಅತ್ಯಂತ ದುರ್ಬಲವಾದ ಕಾರಣವಾಗಿ ತೋರುತ್ತದೆ. ಹೊರಗಿನಿಂದ ತರಿಸಿದ ಕೋಲಿನಿಂದ ನಿಮ್ಮ ಹೊಲಿಗೆ ಯಂತ್ರಗಳಿಗೆ ಒಂದು ಗಂಟೆಯ ಕೆಲಸವೂ ಸಿಗುವುದಿಲ್ಲ. ಅಲ್ಲದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲೂ ಘಟ್ಟದಲ್ಲೂ ಗಾಲ್ಫ್ ಮೈದಾನಗಳು ನೀರು ಕುಡಿದು ನಿಂತಿರುತ್ತವೆ, ನಿಮ್ಮ ವ್ಯಾಪಾರ ಇಳಿಯುವ ಹೊತ್ತಿಗೇ ಅದೂ ಇಳಿಯುತ್ತದೆ. ದೀಪಾವಳಿಯ ಬಳಿಕ ಆರಂಭವಾಗುವ ಹೊನಲು ಬೆಳಕಿನ ಪಂದ್ಯಾಟಗಳ ಭರಾಟೆ ಮೇ ತಿಂಗಳಿಗೆ ಮುಗಿದ ಮೇಲೆ ಯಂತ್ರಗಳಿಗೆ ಕೆಲಸ ಬೇಕಾದರೆ, ಅದು ಊರಲ್ಲೇ ಇದೆ. ಆಟಿ ತಿಂಗಳಲ್ಲಿ ಊರೂರಿನ ಸಂಘಗಳು ಕೆಸರುಗದ್ದೆ ಕ್ರೀಡಾಕೂಟ ನಡೆಸುತ್ತವೆ, ಪ್ರತಿ ತಂಡಕ್ಕೂ ಒಂದೇ ಬಣ್ಣದ ಟೀ ಶರ್ಟ್ ಬೇಕಾಗುತ್ತದೆ. ಆಮೇಲೆ ಮೊಸರುಕುಡಿಕೆ, ನವರಾತ್ರಿಯ ಹುಲಿವೇಷದ ತಂಡಗಳು. ಕೆಸರಿನ ಕಲೆ ಹಿಡಿಯದ, ಒದ್ದೆಯಾದಾಗ ಮೈಗೆ ಅಂಟಿ ಭಾರವಾಗದ ಬಟ್ಟೆಯನ್ನು ಆ ಸಂಘಗಳಿಗೆಂದೇ ಯಾರೂ ಗಂಭೀರವಾಗಿ ಯೋಚಿಸಿ ಮಾಡಿದಂತಿಲ್ಲ. ಅಗ್ಗದ ಹತ್ತಿ ಟೀ ಶರ್ಟ್‌ಗಳೇ ಹಂಚಿಕೆಯಾಗುತ್ತವೆ. ಮಳೆಗಾಲ ಕಳೆದ ಮೇಲಾದರೆ ಸಸಿಹಿತ್ಲು, ಪಣಂಬೂರು ಕಡಲತೀರಗಳಲ್ಲಿ ಸರ್ಫಿಂಗ್ ಕಲಿಯುವವರಿಗೆ ಬಿಸಿಲಿನಿಂದ ಮೈ ಕಾಯುವ ರ‍್ಯಾಷ್ ಗಾರ್ಡ್‌ಗಳು ಬೇಕು. ಎರಡು ಕಡೆಯೂ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಉಪ್ಪುನೀರಿನಲ್ಲಿ ಚರ್ಮ ಉಜ್ಜದಂತೆ ಚಪ್ಪಟೆಯಾಗಿ ಕೂರುವ ಫ್ಲ್ಯಾಟ್‌ಲಾಕ್ ಹೊಲಿಗೆ ನಿಮ್ಮ ಕೈಗೆ ಎಟಕುವ ಕೆಲಸವೇ.

ಗಾಲ್ಫ್ ಉಡುಪಿನ ಬಗ್ಗೆ ನಾನು ಹೇಳುವುದು ಇಷ್ಟು. 18 ಹೋಲ್‌ಗಳ ಆಟಕ್ಕೆ ನಾಲ್ಕು ಗಂಟೆಯಾದರೂ ಬಿಸಿಲಿನಲ್ಲಿ ನಡೆಯಬೇಕು. ಬೀಸುವಾಗ ಭುಜ ಮತ್ತು ಸೊಂಟ ಪೂರ್ತಿ ತಿರುಗುವುದರಿಂದ ತೋಳಿನ ಬುಡದ ಕತ್ತರಿಕೆ ಕಬಡ್ಡಿ ಜೆರ್ಸಿಯಂತಿದ್ದರೆ ಅಂಗಿ ಪ್ಯಾಂಟಿನಿಂದ ಮೇಲೆದ್ದು ಬರುತ್ತದೆ. ಬಟ್ಟೆಯಲ್ಲಿ ಸ್ವಲ್ಪ ಎಲಾಸ್ಟೇನ್ ಎಂಬ ಹಿಗ್ಗುವ ನೂಲು ಇರಬೇಕು, ಬೆನ್ನಿನ ಭಾಗ ಮುಂಭಾಗಕ್ಕಿಂತ ತುಸು ಉದ್ದವಿರಬೇಕು. ಹೆಚ್ಚಿನ ಕ್ಲಬ್‌ಗಳಲ್ಲಿ ಕಾಲರ್ ಇಲ್ಲದ ಅಂಗಿಗೆ ಪ್ರವೇಶವಿಲ್ಲ, ಆದ್ದರಿಂದ ಕಾಲರ್ ಹತ್ತಾರು ಒಗೆತದ ಬಳಿಕವೂ ಸುರುಳಿಯಾಗದೆ ನಿಲ್ಲಬೇಕು. ಬೆಳೆಗಾರರ ಬಳಗ ಎರಡನೇ ಸಲ ಆರ್ಡರ್ ಕೊಟ್ಟಿದೆಯೆಂದರೆ ಇವುಗಳಲ್ಲಿ ಕೆಲವನ್ನಾದರೂ ನೀವು ಸರಿಯಾಗಿ ಮಾಡಿದ್ದೀರಿ. ಅವರನ್ನೇ ಕೇಳಿ, ಅವರಿಂದಲೇ ಮುಂದಿನ ಕ್ಲಬ್‌ನ ಕಾರ್ಯದರ್ಶಿಯ ಪರಿಚಯ ಮಾಡಿಕೊಳ್ಳಿ. ಕ್ಲಬ್‌ಗಳ ವಾರ್ಷಿಕ ಪಂದ್ಯಾವಳಿಗಳಿಗೆ, ಕಂಪೆನಿಗಳು ನಡೆಸುವ ಆಹ್ವಾನ ಪಂದ್ಯಗಳಿಗೆ ಹೆಸರು ಕಸೂತಿ ಮಾಡಿದ ಅಂಗಿ, ಟೋಪಿ, ಟವೆಲ್ ಬೇಕಾಗುತ್ತವೆ. ಇದು ಆರ್ಡರ್ ಬಂದ ಮೇಲೆ ಹೊಲಿಯುವ, ಸಾಲ ಬೇಡದ ವ್ಯಾಪಾರ.

ಭಾವನವರ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಬಿಡಲಾರೆ. ಅವರ ಉತ್ಸಾಹವನ್ನೂ ಹಣ ಹಾಕುವ ಸಿದ್ಧತೆಯನ್ನೂ ನಾನು ಗೌರವಿಸುತ್ತೇನೆ. ಆದರೆ ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಉಡುಪುಗಳಿಗೆ 25ನೇ ವರ್ಗ, ಆಟದ ಸಾಮಗ್ರಿಗಳಿಗೆ 28ನೇ ವರ್ಗ. ನಿಮ್ಮ ಹೆಸರು ಉಡುಪಿನ ವರ್ಗದಲ್ಲಿ ಮಾತ್ರ ನೋಂದಣಿಯಾಗಿದ್ದರೆ, ಆ ಹೆಸರನ್ನು ಇನ್ನೊಬ್ಬರು ಆಟದ ಸಾಮಗ್ರಿಯ ವರ್ಗದಲ್ಲಿ ಪಡೆಯಲು ಯತ್ನಿಸಬಹುದು. ಸೆಟ್ ತರಿಸುವುದಿರಲಿ ಬಿಡಲಿ, ಎರಡೂ ವರ್ಗಗಳಲ್ಲಿ ನೋಂದಣಿಗೆ ನಿಮ್ಮ ಸಂಸ್ಥೆಯ ಹೆಸರಿನಲ್ಲಿಯೇ ಅರ್ಜಿ ಹಾಕಿ; ಮನೆಯವರ ನಡುವೆ ಮುಂದೆ ಮನಸ್ತಾಪಕ್ಕೆ ಎಡೆಯಾಗಬಾರದು. ಹಣವನ್ನು ಅವರು ಹಾಕಲೇಬೇಕೆಂದಿದ್ದರೆ ಹೊಸ ಸಬ್ಲಿಮೇಷನ್ ಮುದ್ರಣ ಯಂತ್ರಕ್ಕೋ ಕಸೂತಿ ಯಂತ್ರಕ್ಕೋ ಹಾಕಲಿ. ದುಬೈಯಲ್ಲಿ ಗಾಲ್ಫ್ ಮೈದಾನಗಳು ಹಲವಿವೆ, ಆ ಬಿಸಿಲಿಗೆ ಹಗುರವಾದ ಅಂಗಿಗಳೂ ಬೇಕು. ಅಲ್ಲಿನ ಆರ್ಡರ್‌ಗಳನ್ನು ಅವರು ಹಿಡಿದು ಕೊಡಬಹುದು.

ಪ್ರಶ್ನೆ: ನಾನು ಮಣಿಪಾಲದಲ್ಲಿ ವ್ಯವಹಾರ ನಿರ್ವಹಣೆಯ ವಿದ್ಯಾರ್ಥಿನಿ. ಉಡುಪಿನವರು ಗಾಲ್ಫ್ ಸಾಮಗ್ರಿಯಲ್ಲಿ ಸೋಲುತ್ತಾರೆ ಎಂಬ ಮಾತನ್ನು ಹಿಂದೆಯೂ ನೀವು ಈ ಅಂಕಣದಲ್ಲಿ ಸೂಚಿಸಿದ್ದಿರಿ. ಪೂಮಾ, ಮಿಜುನೊ ಗೆದ್ದಿಲ್ಲವೇ? ಕ್ಯಾಲವೇ ಸಂಸ್ಥೆಯನ್ನು ಕಟ್ಟಿದವರೇ ಜವಳಿ ಉದ್ಯಮದವರಲ್ಲವೇ?
— ಓದುಗರು, ಮಣಿಪಾಲ

ಉತ್ತರ: ನೀವು ಹೆಸರಿಸಿದ ಮೂರೂ ಉದಾಹರಣೆಗಳು ಸರಿಯಾದವೇ, ಮತ್ತು ಮೂರೂ ನನ್ನ ಮಾತಿಗೆ ವಿರುದ್ಧವಾಗಿಲ್ಲ. ಪೂಮಾ ತನ್ನ ಹೆಸರಿನ ಕೋಲನ್ನು ಹೊಸದಾಗಿ ಕಟ್ಟಲು ಹೋಗದೆ, 2010ರಲ್ಲಿ ಕೋಬ್ರಾ ಎಂಬ, ಆಗಲೇ ಆಟಗಾರರ ಕೈಯಲ್ಲಿದ್ದ ಬ್ರ್ಯಾಂಡನ್ನು ಕೊಂಡಿತು. ಇಂದಿಗೂ ಕೋಲಿನ ಮೇಲೆ ಕೋಬ್ರಾ, ಅಂಗಿಯ ಮೇಲೆ ಪೂಮಾ. ಇದಕ್ಕೂ ದೊಡ್ಡ ಉದಾಹರಣೆ ಕೊರಿಯಾದ ಫಿಲಾ. 2011ರಲ್ಲಿ ಅದರ ನೇತೃತ್ವದ ಕೂಟವೊಂದು ಟೈಟ್ಲಿಸ್ಟ್‌ನ ಒಡೆತನ ಹೊಂದಿದ್ದ ಅಕುಶ್ನೆಟ್ ಸಂಸ್ಥೆಯನ್ನು ಸುಮಾರು 120 ಕೋಟಿ ಡಾಲರ್‌ಗೆ ಕೊಂಡಿತು, ಆದರೆ ಪ್ರೊ ವಿ1 ಚೆಂಡಿನ ಮೇಲೆ ತನ್ನ ಹೆಸರನ್ನು ಅಚ್ಚು ಹಾಕುವ ಆಸೆಗೆ ಹೋಗಲಿಲ್ಲ. ಆ ಸಂಯಮವೇ ಅದರ ಬುದ್ಧಿವಂತಿಕೆ ಎಂದು ನಾನು ಭಾವಿಸುತ್ತೇನೆ.

ಮಿಜುನೊ ಉಡುಪಿನ ಸಂಸ್ಥೆಯೆಂದು ಹೊರಟದ್ದೇ ಅಲ್ಲ. 1906ರಲ್ಲಿ ಒಸಾಕಾದಲ್ಲಿ ಅಣ್ಣ ತಮ್ಮ ಸೇರಿ ತೆರೆದ ಆ ಅಂಗಡಿ ಕೆಲವು ವರ್ಷಗಳಲ್ಲೇ ಬೇಸ್‌ಬಾಲ್ ಚೆಂಡುಗಳನ್ನು ತಯಾರಿಸುವುದಕ್ಕೆ ತೊಡಗಿತು. ಗಾಲ್ಫ್ ಕೋಲುಗಳನ್ನು ಮಾಡಲಾರಂಭಿಸಿದ್ದು 1933ರಲ್ಲಿ. ಅವರ ಐರನ್‌ಗಳಿಗೆ ಇಂದು ಇರುವ ಗೌರವ, ಉಕ್ಕನ್ನು ಬಡಿದು ಹದಗೊಳಿಸುವ ಕೆಲಸದಲ್ಲಿ ಕಳೆದ ತಲೆಮಾರುಗಳಿಂದ ಬಂದದ್ದು.

ಈಲಿ ಕ್ಯಾಲವೇ ಅವರ ಬದುಕು ನನಗೆ ಬಹಳ ಮೆಚ್ಚಿಗೆಯಾದದ್ದು. ಅವರು ಅಮೆರಿಕದ ಬೃಹತ್ ಜವಳಿ ಸಂಸ್ಥೆ ಬರ್ಲಿಂಗ್ಟನ್ ಇಂಡಸ್ಟ್ರೀಸ್‌ನ ಅಧ್ಯಕ್ಷರಾಗಿದ್ದರು. 1973ರಲ್ಲಿ ಅದನ್ನು ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡಿದರು, ಅದನ್ನೂ ಮಾರಿ, 1982ರಲ್ಲಿ ಹಿಕರಿ ಮರದ ದಂಡಿನ ಕೋಲುಗಳನ್ನು ಮಾಡುತ್ತಿದ್ದ ಪುಟ್ಟ ಸಂಸ್ಥೆಯೊಂದರಲ್ಲಿ ಅರ್ಧ ಪಾಲು ಕೊಂಡರು. ಬಿಗ್ ಬರ್ತಾ ಎಂಬ ಡ್ರೈವರ್ ಬಂದದ್ದು 1991ರಲ್ಲಿ. ಅಂದರೆ ಅವರು ಬಟ್ಟೆಯ ಹೆಸರನ್ನು ಕೋಲಿಗೆ ಅಂಟಿಸಲಿಲ್ಲ, ಬಟ್ಟೆಯನ್ನು ಬಿಟ್ಟು ಬಂದರು; ಬಂದ ಮೇಲೂ ಒಂಬತ್ತು ವರ್ಷ ಕಾದರು. ತಪ್ಪಾಗಿ ತಾಗಿದ ಹೊಡೆತವೂ ಹೆಚ್ಚು ಕೆಡದಂತೆ, ದೊಡ್ಡ ತಲೆಯ ಡ್ರೈವರ್‌ನಿಂದ ಸಾಮಾನ್ಯ ಆಟಗಾರನಿಗೆ ನೆರವಾಗುವ ಸ್ಪಷ್ಟ ಗುರಿ ಅವರಿಗಿತ್ತು. ಸುರತ್ಕಲ್‌ನ ಓದುಗರಲ್ಲಿ ಯಾರಿಗಾದರೂ ಕೋಲಿನ ಬಗ್ಗೆಯೇ ಅಂಥ ಹಂಬಲವಿದ್ದು, ಬೆಂಗಳೂರಿಗೆ ಹೋಗಿ ಕೋಲುಗಳನ್ನು ಆಟಗಾರರಿಗೆ ಹೊಂದಿಸಿಕೊಡುವ ಫಿಟ್ಟಿಂಗ್ ವಿದ್ಯೆಯನ್ನು ಕಲಿತು, ಬಟ್ಟೆಯ ಘಟಕವನ್ನು ಅಣ್ಣನಿಗೆ ಒಪ್ಪಿಸಿ ಬೇರೆಯೇ ಹೆಸರಿನಲ್ಲಿ ಹೊರಡುವುದಾದರೆ ನಾನು ಬೇಡವೆನ್ನುವುದಿಲ್ಲ. ಪತ್ರದಲ್ಲಿ ಅಂಥ ಹಂಬಲ ನನಗೆ ಕಾಣಲಿಲ್ಲ. ಕಂಡದ್ದು ಲಾಭದ ಲೆಕ್ಕ ಮಾತ್ರ.

ಪ್ರಶ್ನೆ: ಪಿಲಿಕುಳದಲ್ಲಿ ಗಾಲ್ಫ್ ಆಡುವ ನಮ್ಮಂಥವರಿಗೆ ಕೈಗವಸು ಮೇಲಿಂದ ಮೇಲೆ ಬೇಕಾಗುತ್ತದೆ. ಇಲ್ಲಿನ ಸೆಕೆ ಮತ್ತು ಮಳೆಗೆ ಹೊರಗಿನವು ಬಾಳುವುದಿಲ್ಲ. ಊರಿನ ಉಡುಪು ತಯಾರಕರು ಅದನ್ನಾದರೂ ಮಾಡಬಾರದೆ? ಅದೂ ಗಾಲ್ಫ್ ಸಾಮಗ್ರಿಯೇ ಅಲ್ಲವೇ?
— ಓದುಗರು, ಕದ್ರಿ

ಉತ್ತರ: ಖಂಡಿತ ಮಾಡಬಹುದು, ಮಾಡಬೇಕು. ಕೋಲಿಗೂ ಕೈಗವಸಿಗೂ ಇರುವ ವ್ಯತ್ಯಾಸವೆಂದರೆ ಕೈಗವಸನ್ನು ಕತ್ತರಿಸಿ ಹೊಲಿಯಲಾಗುತ್ತದೆ, ಅದು ಸವೆದುಹೋಗುವ ವಸ್ತು, ದರ ಕಡಿಮೆ, ಒಮ್ಮೆ ಹಿಡಿಸಿದರೆ ಆಟಗಾರ ಮತ್ತೆ ಅದನ್ನೇ ಕೇಳುತ್ತಾನೆ. ಬಲಗೈ ಆಟಗಾರ ಸಾಮಾನ್ಯವಾಗಿ ಎಡಗೈಗೆ ಮಾತ್ರ ಕೈಗವಸು ತೊಡುತ್ತಾನೆ. ಒಳ್ಳೆಯ ಕೈಗವಸುಗಳನ್ನು ಕ್ಯಾಬ್ರೆಟಾ ಎಂಬ ತೆಳುವಾದ ಕುರಿಯ ಚರ್ಮದಿಂದ ಮಾಡುತ್ತಾರೆ. ಕೋಲಿನ ಹಿಡಿಯನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೆವರಿನಲ್ಲಿ ನೆನೆದು ಒಣಗಿದರೆ ಗಟ್ಟಿಯಾಗುತ್ತದೆ, ನಮ್ಮ ಮಳೆಗಾಲದಲ್ಲಿ ಚೀಲದೊಳಗೇ ಬೂಸ್ಟು ಹಿಡಿಯುತ್ತದೆ. ಚರ್ಮದ ಕೆಲಸಕ್ಕೆ ಉಡುಪಿನವರು ಕೈಹಾಕುವುದು ಬೇಡ.

ಮಳೆಗಾಲದ ಕೈಗವಸು ಬೇರೆ ಬಗೆಯದು. ಮೈಕ್ರೋಫೈಬರ್ ಬಟ್ಟೆಯಿಂದ ಮಾಡುವ ಅದು ಒದ್ದೆಯಾದಷ್ಟೂ ಹಿಡಿತ ಹೆಚ್ಚಿಸುತ್ತದೆ, ಆದ್ದರಿಂದಲೇ ಎರಡೂ ಕೈಗಳಿಗೆ ಜೊತೆಯಾಗಿ ಮಾರಾಟವಾಗುತ್ತದೆ. ಕರಾವಳಿಯ ಸೆಕೆಯಲ್ಲಿ, ಮಳೆಯಿಲ್ಲದ ಏಪ್ರಿಲ್ ತಿಂಗಳಲ್ಲಿಯೂ ಬೆವರುವ ಕೈಗೆ ಅದೇ ಹೆಚ್ಚು ಒಗ್ಗೀತು. ಬೈಕಂಪಾಡಿಯ ಸೋದರರಂಥವರು ಮೊದಲಿಗೆ ಎರಡೇ ಅಳತೆಗಳಲ್ಲಿ ಸ್ವಲ್ಪ ಜೊತೆಗಳನ್ನು ಹೊಲಿದು, ನಿಮ್ಮಂಥ ಆಟಗಾರರಿಗೆ ಕೊಟ್ಟು, ಹೆಬ್ಬೆರಳಿನ ಬುಡದಲ್ಲಿ ಹೊಲಿಗೆ ಎಷ್ಟು ಆಟ ತಡೆಯುತ್ತದೆ, ಮಣಿಕಟ್ಟಿನ ವೆಲ್ಕ್ರೋ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆಯೇ, ಅಂಗೈ ಎಲ್ಲಿ ಮೊದಲು ಸವೆಯುತ್ತದೆ ಎಂಬುದನ್ನು ಕೇಳಿ ತಿಳಿದು ತಿದ್ದಿಕೊಳ್ಳಲಿ. ನೀವೂ ಬಳಸಿ ಸವೆದ ಹಳೆಯ ಕೈಗವಸುಗಳನ್ನು ಬಿಸಾಡದೆ ಅವರಿಗೆ ಕೊಡಿ. ಅದರ ಹೊಲಿಗೆ ಬಿಚ್ಚಿ ಪಟ್ಟಿಗಳನ್ನು ಹರಡಿ ನೋಡಿದರೆ ನಮೂನೆ ಕತ್ತರಿಸುವವರಿಗೆ ಅರ್ಧ ಕೆಲಸ ಮುಗಿದಂತೆ.